ದನಿ ಏರಿಸದ ಸಂದೇಹವಾದಿ

1991ರಲ್ಲಿ ‘ದೇವರು’ ಎಂಬ ಕನ್ನಡ ಪುಸ್ತಕ ಪ್ರಕಟವಾದಾಗ ಅದರ ಲೇಖಕರಿಗೆ ತೊಂಬತ್ತು ತುಂಬಿತ್ತು. ಆ ವಯಸ್ಸಿನವರು ದೇವರ ಬಗ್ಗೆ ಬರೆದರೆ ಅದು ಸ್ತೋತ್ರವೇ ಇರಬೇಕೆಂದು ನಾವು ಊಹಿಸುತ್ತೇವೆ. ಎ. ಎನ್. ಮೂರ್ತಿರಾಯರು ಬರೆದದ್ದು ದೇವರಿಲ್ಲ ಎಂದು. ಆಸ್ತಿಕರೇ ಹೆಚ್ಚಾಗಿರುವ ನಾಡು ಮುನಿಯಬಹುದಿತ್ತು. ಆದರೆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು, ಪಂಪ ಪ್ರಶಸ್ತಿಯೂ ಬಂತು. ಇದು ಹೇಗಾಯಿತೆಂದು ತಿಳಿಯಬೇಕಾದರೆ ಅವರ ಹಿಂದಿನ ಬರವಣಿಗೆಯನ್ನು ನೋಡಬೇಕು.

ಮೂರ್ತಿರಾಯರು ಹುಟ್ಟಿದ್ದು 1900ರ ಜೂನ್ 16ರಂದು, ಈಗಿನ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ, ತೀರಿಕೊಂಡದ್ದು 2003ರಲ್ಲಿ. 1900 ಲೆಕ್ಕಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷ. ಹಾಗಾಗಿ ಮೂರು ಶತಮಾನ ಕಂಡವರು ಎಂದರೂ ತಪ್ಪಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಇಂಗ್ಲಿಷ್ ಅಧ್ಯಾಪಕರೂ ಆದರು. ಇಂಗ್ಲಿಷ್ ಪಾಠ ಹೇಳಿ ಕನ್ನಡದಲ್ಲಿ ಬರೆಯುವುದು ಬಿ. ಎಂ. ಶ್ರೀಕಂಠಯ್ಯನವರ ಕಾಲದ ಮೈಸೂರಿಗೆ ಒಗ್ಗಿದ ರೂಢಿ.

ಅವರ ಆರಂಭದ ಕೃತಿಗಳಲ್ಲೊಂದು ‘ಆಷಾಢಭೂತಿ’. ಫ್ರಾನ್ಸಿನ ಮೋಲಿಯೇರ್ 1664ರಲ್ಲಿ ಆಡಿಸಿದ ‘ತಾರ್ತುಫ್’ ನಾಟಕದ ಕನ್ನಡ ರೂಪ ಅದು. ಭಕ್ತನ ಸೋಗಿನಲ್ಲಿ ಮನೆಹೊಕ್ಕವನೊಬ್ಬ ಯಜಮಾನನ ಮನೆಯನ್ನೇ ನುಂಗಹೊರಡುವ ಕಥೆ. ಅಲ್ಲಿ ಗುರಿ ಭಕ್ತಿಯಲ್ಲ, ಅದರ ಸೋಗು. ದೇವರವರೆಗೆ ಹೋಗಲು ಅವರು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಯ್ದರು. ಆತುರವಂತೂ ಇರಲಿಲ್ಲ!

1937ರ ‘ಹಗಲುಗನಸುಗಳು’ ಅವರನ್ನು ಲಲಿತ ಪ್ರಬಂಧಕಾರರೆಂದು ನೆಲೆಗೊಳಿಸಿತು. ‘ವ್ಯಾಘ್ರಗೀತೆ’ಯನ್ನು ಶಾಲೆಯಲ್ಲಿ ಓದಿದವರು ಖಿರ್ದಿ ಪುಸ್ತಕದ ಶಾನುಭೋಗರನ್ನೂ, ಬೆನ್ನ ಹಿಂದಿನಿಂದ ಎರಗುವುದು ಧರ್ಮವಲ್ಲವೆಂದು ಹಿಂಜರಿಯುವ ಹುಲಿಯನ್ನೂ ಮರೆತಿರಲಾರರು. ಧರ್ಮದ ಮಾತನ್ನು ಹುಲಿಗೆ ಹಚ್ಚಿ ನಗಿಸಬಲ್ಲವರು ಅದೇ ಮಾತನ್ನು ಮನುಷ್ಯರಲ್ಲಿ ಸುಮ್ಮನೆ ಒಪ್ಪಿಬಿಡುವವರಲ್ಲ.

ಶೇಕ್ಸ್‌ಪಿಯರನ ಮೇಲೂ ಮಾಸ್ತಿಯವರ ಕಥೆಗಳ ಮೇಲೂ ಬರೆದ ವಿಮರ್ಶಕ ಅವರು. ನೆನಪಿನ ಬರಹದಲ್ಲಿಯೂ ಆ ವಿಮರ್ಶಕ ಸುಮ್ಮನಿರುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು, 1979ರಲ್ಲಿ, ‘ಚಿತ್ರಗಳು ಪತ್ರಗಳು’ ಎಂಬ ವ್ಯಕ್ತಿಚಿತ್ರಗಳ ಪುಸ್ತಕಕ್ಕೆ. ಆತ್ಮಕಥೆಗೆ ಕೊಟ್ಟ ಹೆಸರಂತೂ ‘ಸಂಜೆಗಣ್ಣಿನ ಹಿನ್ನೋಟ’. ಸಂಜೆಗಣ್ಣು ಎಂದರೆ ಬೆಳಕು ಕುಂದಿದ ಕಣ್ಣು. ಅದು ಕಂಡದ್ದನ್ನೆಲ್ಲ ಪೂರ್ತಿ ನಂಬಬೇಡಿ ಎಂದು ಲೇಖಕರೇ ಬಾಗಿಲಲ್ಲಿ ನಿಂತು ಹೇಳಿದಂತಿದೆ. ಹೀಗೆ ತನ್ನ ಸಾಕ್ಷ್ಯವನ್ನೇ ಸಂದೇಹಿಸುವ ಆತ್ಮಕಥೆಕಾರರು ನಮ್ಮಲ್ಲಿ ಅಪರೂಪ. ಹೆಚ್ಚಿನವರಿಗೆ ತಮ್ಮ ಜ್ಞಾಪಕಶಕ್ತಿಯ ಮೇಲೆ ಅಪಾರ ಭಕ್ತಿ.

‘ದೇವರು’ ಪುಸ್ತಕದ ಬಲವೂ ಇದೇ. ಸರ್ವಶಕ್ತನೂ ದಯಾಮಯನೂ ಆದವನು ಇದ್ದರೆ ಜಗತ್ತಿನಲ್ಲಿ ಇಷ್ಟು ಸಂಕಟ ಏಕೆ ಎಂಬುದು ಅದರ ಮುಖ್ಯ ಪ್ರಶ್ನೆ. ಪ್ರಶ್ನೆ ಹಳೆಯದೇ, ತತ್ವಶಾಸ್ತ್ರ ಓದಿದವರಿಗೆ ಅಲ್ಲಿ ಹೊಸ ವಾದ ಹೆಚ್ಚು ಸಿಗದು. ಕರ್ಮಸಿದ್ಧಾಂತವನ್ನೂ ಅವರು ಒರೆಗೆ ಹಚ್ಚುತ್ತಾರೆ. ಏನೂ ಅರಿಯದ ಮಗು ನರಳುವಾಗ ಪೂರ್ವಜನ್ಮದ ಪಾಪವೆಂದು ಹೇಳಿದರೆ ಮಗುವಿನ ನೋವು ಕಡಿಮೆಯಾಗದು. ನೋಡುತ್ತ ನಿಂತವರಿಗೆ ಮಾತ್ರ ಒಂದಿಷ್ಟು ಸಮಾಧಾನ ಸಿಕ್ಕೀತು. ಇಂಥ ಮಾತನ್ನು ಗುಡುಗಿ ಹೇಳಿದ್ದರೆ ಅರ್ಧದಷ್ಟು ಓದುಗರು ಪುಸ್ತಕ ಮುಚ್ಚಿಡುತ್ತಿದ್ದರು. ಮೂರ್ತಿರಾಯರು ಹರಟೆಯ ಧಾಟಿಯಲ್ಲೇ ಹೇಳಿದರು. ನಂಬುವವರೂ ಕುಳಿತು ಕೊನೆಯ ಪುಟದವರೆಗೆ ಕೇಳಿದರು.