ಅಕ್ಷರಕ್ಕೆ ಹೆದರಿದ ಒಡೆಯರು

ಹಡಪಸರದ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಯಾದಗಿರಿ ಕಡೆಯವರು. ಬ್ಯಾಂಕಿನಿಂದ ಮೆಸೇಜ್ ಬಂದರೆ ಮೊಬೈಲನ್ನು ನನ್ನ ಮುಂದೆ ಹಿಡಿದು, “ಏನ್ ಬಂದದ ನೋಡ್ರಿ ಮೇಡಂ” ಅನ್ನುತ್ತಾರೆ. ಓದಿ ಹೇಳಲು ನನಗೆ ಅರ್ಧ ನಿಮಿಷ ಸಾಕು. ಆದರೆ ತಮ್ಮ ದುಡಿಮೆಯ ಲೆಕ್ಕಕ್ಕೂ ಅವರು ಇನ್ನೊಬ್ಬರ ಮಾತನ್ನೇ ನಂಬಬೇಕು. ಓದು ಬಾರದವರು ಹೀಗೆ ಇನ್ನೊಬ್ಬರ ಕೈಯಲ್ಲಿರುತ್ತಾರೆ ಎಂಬುದು ಹಿಂದಿನ ಒಡೆಯರಿಗೆ ಚೆನ್ನಾಗಿ ಗೊತ್ತಿತ್ತು.

ಅಮೆರಿಕದ ಫ್ರೆಡರಿಕ್ ಡಗ್ಲಾಸ್ ಗುಲಾಮನಾಗಿ ಹುಟ್ಟಿದವನು. ಬಾಲ್ಟಿಮೋರ್‌ನಲ್ಲಿ ಯಜಮಾನಿ ಸೋಫಿಯಾ ಆಲ್ಡ್ ಅವನಿಗೆ ಅಕ್ಷರ ಕಲಿಸತೊಡಗಿದಳು. ಓದು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲವೆಂದು ಅವಳ ಗಂಡ ತಡೆದ. ಆ ಮಾತೇ ಹುಡುಗನಿಗೆ ಬಿಡುಗಡೆಯ ದಾರಿ ತೋರಿಸಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು ಹೋಗಿ, 1845ರಲ್ಲಿ ಆತ್ಮಕಥೆ ಪ್ರಕಟಿಸಿದ.

ನಮ್ಮ ಪುಣೆಯಲ್ಲಿ ಅದೇ ಬಾಗಿಲನ್ನು ಜಾತಿ ಮುಚ್ಚಿತ್ತು. ಸಾವಿತ್ರಿಬಾಯಿ ಫುಲೆಯವರಿಗೆ ಮದುವೆಯಾದಾಗ ಓದು ಬರುತ್ತಿರಲಿಲ್ಲ. ಗಂಡ ಜೋತಿರಾವ್ ಕಲಿಸಿದರು. 1848ರಲ್ಲಿ ಭಿಡೆ ವಾಡೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳ ಶಾಲೆ ತೆರೆದರು. ಪಾಠಕ್ಕೆ ಹೋಗುವಾಗ ಜನ ಸಗಣಿ ಎಸೆಯುತ್ತಿದ್ದರಿಂದ ಸಾವಿತ್ರಿಬಾಯಿ ಇನ್ನೊಂದು ಸೀರೆಯನ್ನೂ ಜೊತೆಗೆ ಒಯ್ಯುತ್ತಿದ್ದರು.

ಮಾಂಗ್ ಸಮುದಾಯದ ಮುಕ್ತಾ ಸಾಳ್ವೆ ಫುಲೆ ದಂಪತಿಯ ಶಾಲೆಯಲ್ಲಿ ಕಲಿತ ಹುಡುಗಿ. ಮಾಂಗ್ ಮತ್ತು ಮಹಾರ್ ಜನರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕೇ ಇಲ್ಲದ ತನ್ನ ಜನಕ್ಕೆ ಯಾವ ಧರ್ಮ ಎಂದು ಅವಳು ಅದರಲ್ಲಿ ಕೇಳಿದಳು. ಒಡೆಯರು ಹೆದರಿದ್ದು ಇಂಥ ಪ್ರಶ್ನೆಗೇ.

ಜೋತಿರಾವ್ ಈ ಎರಡೂ ನಾಡುಗಳ ನೋವು ಒಂದೇ ಎಂದು ಕಂಡವರು. 1873ರಲ್ಲಿ ಬರೆದ ‘ಗುಲಾಮಗಿರಿ’ ಪುಸ್ತಕವನ್ನು, ಕರಿಯರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು.

ಸಾವಿತ್ರಿಬಾಯಿಯವರ ಕೊನೆಯ ದಿನಗಳು ನಮ್ಮ ಹಡಪಸರದ ನೆರೆಯ ಮುಂಢವಾಕ್ಕೆ ಸೇರಿವೆ. 1897ರ ಪ್ಲೇಗ್ ಸಮಯದಲ್ಲಿ ಅಲ್ಲಿನ ಮಹಾರ್ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು, ಮಗ ಡಾ. ಯಶವಂತ ನಡೆಸುತ್ತಿದ್ದ ಆಸ್ಪತ್ರೆಗೆ ತಂದರು. ಅವರಿಗೂ ರೋಗ ತಗುಲಿ, ಮಾರ್ಚ್ 10ರಂದು ತೀರಿಕೊಂಡರು. ವರ್ಷಗಟ್ಟಲೆ ಮುಂಢವಾ ದಾಟಿ ಆಫೀಸಿಗೆ ಹೋಗುತ್ತಿದ್ದ ನನಗೆ ಇದು ಗೊತ್ತೇ ಇರಲಿಲ್ಲ.

ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಈಗ ಭಾನುವಾರ ಸಂಜೆ ಅಕ್ಕ ಮತ್ತು ನಾನು ಒಂದು ಗಂಟೆ ಪಾಟಿ ಬಳಪ ಹಿಡಿದು ಕೂರುತ್ತೇವೆ. ತಮ್ಮ ಹೆಸರು, ಊರಿನ ಹೆಸರು ಬರೆಯುತ್ತಾರೆ, ಅಂಕಿಗಳೆಲ್ಲ ಬರುತ್ತವೆ. ಮೊನ್ನೆ ಮೆಸೇಜಿನಲ್ಲಿದ್ದ ಮೊತ್ತವನ್ನು ತಾವೇ ಓದಿ, ಆಮೇಲೆ ನನಗೆ ತೋರಿಸಿದರು. ನಾನು ತಲೆಯಾಡಿಸಿದೆ, ಅಷ್ಟೇ. ನಮ್ಮ ವೇದಿಕೆಯ ಗೆಳತಿಯರೇ, ನಿಮ್ಮ ಮನೆಗೂ ಇಂಥ ಒಬ್ಬ ಅಕ್ಕ ಬರುತ್ತಿರಬಹುದು. ವಾರಕ್ಕೆ ಒಂದು ಗಂಟೆ ನಮ್ಮಿಂದ ಆಗದೇ?