ಲ್ಯಾಪ್‌ಟಾಪ್ ಪರದೆಯ ಹಿಂಬೆಳಕು: ದೋಷಪತ್ತೆ ಮತ್ತು ದುರಸ್ತಿ ನಡೆದುಬಂದ ದಾರಿ

ದ್ರವಸ್ಫಟಿಕವು ತಾನಾಗಿ ಬೆಳಗುವ ವಸ್ತುವಲ್ಲ. ವಿದ್ಯುತ್ ಒತ್ತಡಕ್ಕೆ ಅನುಗುಣವಾಗಿ ತನ್ನ ಅಣುಗಳ ಜೋಡಣೆಯನ್ನು ಬದಲಿಸಿಕೊಂಡು, ತನ್ನ ಮೂಲಕ ಹಾಯುವ ಬೆಳಕು ಮುಂದೆ ಸಾಗಬೇಕೆ ನಿಲ್ಲಬೇಕೆ ಎಂಬುದನ್ನಷ್ಟೇ ಅದು ನಿಯಂತ್ರಿಸುತ್ತದೆ. 1985ರ ತೋಷಿಬಾ ಟಿ1100ರಂಥ ಆರಂಭದ ಯಂತ್ರಗಳು ಕೋಣೆಯ ಬೆಳಕನ್ನೇ ಪ್ರತಿಫಲಿಸಿ ಅಕ್ಷರಗಳನ್ನು ತೋರಿಸುತ್ತಿದ್ದುದರಿಂದ ಅವುಗಳಲ್ಲಿ ಕೆಡಲು ಹಿಂಬೆಳಕೇ ಇರಲಿಲ್ಲ. ಪರದೆಯ ಹಿಂದೆ ಪ್ರತ್ಯೇಕ ದೀಪ ಬಂದ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ ಬೇರೆ, ಬೆಳಕು ಕೊಡುವ ವ್ಯವಸ್ಥೆ ಬೇರೆ ಎಂದಾಯಿತು. ದೋಷಪತ್ತೆಯ ಇಡೀ ತರ್ಕ ಈ ಭೇದದ ಮೇಲೆಯೇ ನಿಂತಿದೆ. ಕಪ್ಪಾಗಿ ಕಾಣುವ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಐಕಾನ್‌ಗಳು ಮಸುಕಾಗಿ ಗೋಚರಿಸಿದರೆ ಚಿತ್ರ ಬರುತ್ತಿದೆ, ಬೆಳಕು ಮಾತ್ರ ಹೋಗಿದೆ ಎಂದರ್ಥ. ಏನೂ ಕಾಣದಿದ್ದರೆ ಹೊರಗಿನ ಮಾನಿಟರನ್ನು ಜೋಡಿಸಿ, ದೋಷ ಗ್ರಾಫಿಕ್ಸ್ ಭಾಗದಲ್ಲಿದೆಯೇ ಪರದೆಯ ಕಡೆಗಿದೆಯೇ ಎಂದು ನೋಡಬೇಕಾಗುತ್ತದೆ.

ತೊಂಬತ್ತರ ದಶಕದಿಂದ ಸುಮಾರು 2010ರವರೆಗೆ ಈ ಬೆಳಕು ಬರುತ್ತಿದ್ದುದು ಸಿಸಿಎಫ್‌ಎಲ್ ಎಂಬ, ಕೆಲವೇ ಮಿಲಿಮೀಟರ್ ದಪ್ಪದ, ಪಾದರಸದ ಆವಿ ತುಂಬಿದ ಗಾಜಿನ ನಳಿಕೆಯಿಂದ. ಅದನ್ನು ಉರಿಸಲು ನೂರಾರು ವೋಲ್ಟ್‌ಗಳ ಪರ್ಯಾಯ ವಿದ್ಯುತ್ತೂ, ಹೊತ್ತಿಸುವ ಕ್ಷಣದಲ್ಲಿ ಸಾವಿರಕ್ಕೂ ಮಿಕ್ಕಿದ ಒತ್ತಡವೂ ಬೇಕಾಗಿದ್ದುದರಿಂದ, ಬ್ಯಾಟರಿಯ ನೇರ ವಿದ್ಯುತ್ತನ್ನು ಹಾಗೆ ಮಾರ್ಪಡಿಸುವ ಇನ್ವರ್ಟರ್ ಎಂಬ ಉದ್ದನೆಯ ಪುಟ್ಟ ಫಲಕ ಪರದೆಯ ಕೆಳಗೆ ಕುಳಿತಿರುತ್ತಿತ್ತು. ಈ ಕಾಲದ ದೋಷಗಳಿಗೆ ಸ್ಪಷ್ಟ ಲಕ್ಷಣಗಳಿದ್ದವು. ಆನ್ ಮಾಡಿದೊಡನೆ ಪರದೆ ಕೆಂಪು ಛಾಯೆಗೆ ತಿರುಗಿದರೆ ನಳಿಕೆ ಮುಪ್ಪಾಗಿದೆ ಎಂದೂ, ಒಂದೆರಡು ಕ್ಷಣ ಬೆಳಗಿ ಆರಿಹೋದರೆ ನಳಿಕೆ ಅಥವಾ ಇನ್ವರ್ಟರ್ ಸೋತು ರಕ್ಷಣಾ ಮಂಡಲ ವಿದ್ಯುತ್ತನ್ನು ಕಡಿದಿದೆ ಎಂದೂ ಊಹಿಸಬಹುದಿತ್ತು. ಚೆನ್ನಾಗಿರುವ ಇನ್ನೊಂದು ನಳಿಕೆಯನ್ನು ಅದೇ ಇನ್ವರ್ಟರಿಗೆ ಜೋಡಿಸಿದರೆ ಸಂದೇಹ ಬಗೆಹರಿಯುತ್ತಿತ್ತು. ಇನ್ವರ್ಟರ್ ಬಿಡಿಭಾಗವಾಗಿ ಸಿಗುತ್ತಿದ್ದುದರಿಂದ ಸಾಮಾನ್ಯ ರಿಪೇರಿಗಾರನೂ ಅದನ್ನು ಬದಲಿಸಬಲ್ಲವನಾಗಿದ್ದ. ಒಡೆದರೆ ಪಾದರಸ ಹೊರಬರುವ ಆ ನಳಿಕೆಯ ಬದಲಾವಣೆಗೆ ಮಾತ್ರ ತಾಳ್ಮೆಯೂ ಎಚ್ಚರವೂ ಬೇಕಿದ್ದವು.

1993ರಲ್ಲಿ ನಿಚಿಯಾ ಸಂಸ್ಥೆಯಲ್ಲಿ ಶುಜಿ ನಕಾಮುರ ಪ್ರಖರ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದ ಮೇಲೆ, ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿ ಬಿಳಿ ಬೆಳಕು ಪಡೆಯುವುದು ಸಾಧ್ಯವಾಯಿತು. 2007ರಲ್ಲಿ ಆ್ಯಪಲ್ ತನ್ನ 15 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಎಲ್‌ಇಡಿ ಹಿಂಬೆಳಕನ್ನು ಅಳವಡಿಸಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ನಳಿಕೆ ಮತ್ತು ಇನ್ವರ್ಟರ್ ಎರಡೂ ಹೊಸ ಲ್ಯಾಪ್‌ಟಾಪ್‌ಗಳಿಂದ ಮರೆಯಾದವು. ಪರದೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದ ಎಲ್‌ಇಡಿಗಳು ತಲಾ ಸುಮಾರು 3 ವೋಲ್ಟ್ ಬೇಡುವುದರಿಂದ, ಹತ್ತರ ಸರಣಿಯೊಂದಕ್ಕೆ ಸುಮಾರು 30 ವೋಲ್ಟ್ ಒದಗಿಸುವ ಚಾಲಕ ಮಂಡಲ ಬಹುತೇಕ ಯಂತ್ರಗಳಲ್ಲಿ ಪರದೆಯದೇ ಫಲಕದ ಮೇಲೂ, ಕೆಲವುಗಳಲ್ಲಿ ಮದರ್‌ಬೋರ್ಡಿನಲ್ಲೂ ಇರುತ್ತದೆ. ಸರಣಿಯೊಂದು ಕಡಿದುಹೋದರೆ ಪರದೆಯ ಕೆಳ ಅಂಚಿನ ಒಂದು ಭಾಗ ಮಾತ್ರ ಮಂಕಾಗುತ್ತದೆ.

ಹೊಸ ವ್ಯವಸ್ಥೆ ಹೆಚ್ಚು ಬಾಳಿಕೆಯದಾದರೂ ದೋಷದ ನೆಲೆ ಕಣ್ಣಿಗೆ ಸುಲಭವಾಗಿ ಬೀಳದಂತಾಯಿತು. ಚಾಲಕಕ್ಕೆ ವಿದ್ಯುತ್ ಸಾಗುವ ದಾರಿಯಲ್ಲಿ ಮದರ್‌ಬೋರ್ಡಿನ ಮೇಲೆ ಸಾಸಿವೆಕಾಳಿನಷ್ಟು ಚಿಕ್ಕದಾದ ಫ್ಯೂಸ್ ಒಂದಿರುತ್ತದೆ. ಬ್ಯಾಟರಿಯನ್ನು ಕಳಚದೆ ಪರದೆಯ ಕೇಬಲನ್ನು ಎಳೆದಾಗ ಅಥವಾ ಸಿಕ್ಕಿಸಿದಾಗ ಪಕ್ಕಪಕ್ಕದ ತಂತಿಗಳು ಕ್ಷಣಕಾಲ ತಾಗಿ ಅದು ಸುಟ್ಟುಹೋಗುವುದುಂಟು. ಮಲ್ಟಿಮೀಟರಿನಲ್ಲಿ ಅಳೆದಾಗ ಫ್ಯೂಸಿನ ಒಂದು ತುದಿಯಲ್ಲಿ ವೋಲ್ಟೇಜ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನಿರ್ಣಯವಾದಂತೆಯೇ. ಆದರೆ ಮುಂದಿನ ದಾರಿಯಲ್ಲಿ ಶಾರ್ಟ್ ಇದೆಯೇ ಎಂದು ಪರೀಕ್ಷಿಸದೆ, ಫ್ಯೂಸಿನ ಜಾಗದಲ್ಲಿ ಬರಿಯ ತಂತಿಯನ್ನು ಬೆಸೆಯುವುದು ಬೋರ್ಡನ್ನೇ ಬಲಿಕೊಡುವ ಕೆಲಸ. ಫ್ಯೂಸ್ ಸರಿಯಿದ್ದಲ್ಲಿ ಬೆಳಕನ್ನು ಆನ್ ಮಾಡುವ ಸಂಕೇತವೂ ಪ್ರಖರತೆಯನ್ನು ನಿಯಂತ್ರಿಸುವ ಸಂಕೇತವೂ ಕೇಬಲಿನವರೆಗೆ ಬರುತ್ತಿವೆಯೇ ಎಂದು ನೋಡಬೇಕು.

ಕೇಬಲೇ ದುರ್ಬಲ ಕೊಂಡಿಯಾದ ಪ್ರಸಿದ್ಧ ನಿದರ್ಶನ 2016ರ ಮ್ಯಾಕ್‌ಬುಕ್ ಪ್ರೊ. ತೀರ ತೆಳುವಾದ ಅದರ ಕೇಬಲು ಮುಚ್ಚಳವನ್ನು ತೆರೆದು ಮುಚ್ಚಿದಂತೆಲ್ಲ ಸವೆದು, ಪರದೆಯ ಕೆಳಭಾಗದಲ್ಲಿ ರಂಗಮಂದಿರದ ದೀಪಗಳಂತೆ ಬೆಳಕಿನ ತುಂಡುಗಳು ಕಾಣಿಸತೊಡಗಿದವು. ಕೇಬಲನ್ನು ಪರದೆಯೊಂದಿಗೇ ಕೂಡಿಸಿದ್ದುದರಿಂದ ಇಡೀ ಪರದೆಯನ್ನೇ ಬದಲಿಸಬೇಕಾಗಿತ್ತು. 2019ರ ಮೇ ತಿಂಗಳಲ್ಲಿ ಆ್ಯಪಲ್ 13 ಇಂಚಿನ ಮಾದರಿಗೆ ಉಚಿತ ದುರಸ್ತಿ ಯೋಜನೆಯನ್ನು ಪ್ರಕಟಿಸಿತು. ಅಗ್ಗದ ಭಾಗವೊಂದರ ಸೋಲಿಗೆ ದುಬಾರಿ ಜೋಡಣೆಯನ್ನೇ ಎಸೆಯಬೇಕಾದ ವಿನ್ಯಾಸವನ್ನು ಕೇವಲ ತೆಳುತನದ ಹೆಸರಿನಲ್ಲಿ ಸಮರ್ಥಿಸಲಾಗದು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಈ ಬಗೆಯ ಬೋರ್ಡ್ ಮಟ್ಟದ ರಿಪೇರಿ ಇಂದಿಗೂ ಜೀವಂತವಾಗಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ಆರಂಭಿಸಿ, ಉತ್ಪನ್ನಗಳ ದುರಸ್ತಿ ಮಾಹಿತಿಯನ್ನು ಒಂದೆಡೆ ತರಲು ಯತ್ನಿಸಿತು. ಆದರೆ ಹಿಂಬೆಳಕಿನ ಫ್ಯೂಸ್ ಎಲ್ಲಿದೆ, ಅದರಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ತಿಳಿಸುವ ಮಂಡಲ ನಕ್ಷೆಯನ್ನು ತಯಾರಕರು ಹೊರಗೆ ಕೊಡುವುದು ಅಪರೂಪವಾದ್ದರಿಂದ, ರಿಪೇರಿಗಾರರು ಕೈಯಿಂದ ಕೈಗೆ ದಾಟಿಬಂದ ನಕ್ಷೆಗಳನ್ನೂ, ಅದೇ ಮಾದರಿಯ ಸುಸ್ಥಿತಿಯ ಬೋರ್ಡಿನಲ್ಲಿ ಅಳೆದ ಅಂಕಿಗಳನ್ನೂ ನೆಚ್ಚಿಕೊಂಡೇ ಕೆಲಸ ಮಾಡುತ್ತಿದ್ದಾರೆ.