ಮಜಾಕ್ಕೊಂದು ಓಟ, ಏದುಸಿರಿಗೊಂದು ಓಟ

"ಬಸ್ಸಿಗೆ ಕಾಸಿಲ್ದೆ ನಾವು ಮೈಲಿಗಟ್ಲೆ ನಡ್ಕೊಂಡು ಹೋಗ್ತಿದ್ವಿ. ನೀನು ಕಾಸು ಕೊಟ್ಟು ಓಡ್ತೀಯಲ್ಲೇ!"

2008ರ ಮೇ ತಿಂಗಳಲ್ಲಿ ಅಪ್ಪ ಹೇಳಿದ ಮಾತಿದು. ಬೆಂಗಳೂರಿನ 10ಕೆ ಓಟ ಮೊದಲ ಸಲ ನಡೆದದ್ದು ಆ ವರ್ಷದ ಮೇ 18ರಂದು. ಆಫೀಸಿನಲ್ಲಿ ಎಲ್ಲರೂ ಹೆಸರು ಕೊಟ್ಟರು ಅಂತ ನಾನೂ ಕೊಟ್ಟಿದ್ದೆ. ಹತ್ತು ಕಿಲೋಮೀಟರಿಗಲ್ಲ, ಅಷ್ಟು ಧೈರ್ಯ ಎಲ್ಲಿಂದ ಬರಬೇಕು! ಅದರ ಜೊತೆಗಿದ್ದ 'ಮಜಾ ರನ್'ಗೆ. ಹೆಸರಿಗೆ ತಕ್ಕ ಹಾಗೆ ಮಜಾನೇ. ಚೂಡಿದಾರ, ಹಳೇ ಕ್ಯಾನ್ವಾಸ್ ಶೂ, ನೂರು ಹೆಜ್ಜೆ ಓಟ, ಸಾವಿರ ಹೆಜ್ಜೆ ಹರಟೆ. ಆ ದಿನ ನಿಜವಾಗಿ ಓಡಿ ಗೆದ್ದವರು ಎರಿಟ್ರಿಯಾದ ಜೆರ್ಸೆನಾಯ್ ತದೆಸೆ, 27 ನಿಮಿಷ 51 ಸೆಕೆಂಡಿನಲ್ಲಿ. 2004ರಲ್ಲಿ ಅವರ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದವರೂ ಅವರೇ. ಅಂಥವರು ಓಡಿದ ರಸ್ತೆಯಲ್ಲಿ ನಾವು ಐಸ್‌ಕ್ಯಾಂಡಿ ತಿಂತಾ ನಡೆದೆವು :-)

ಆದರೆ ಅಪ್ಪನ ಮಾತು ತಲೆಯಲ್ಲೇ ಉಳಿಯಿತು. ಬೆಂಗಳೂರಿಗೆ ಕಾಲ ಮೇಲಿನ ಹಬ್ಬ ಹೊಸದೇನಲ್ಲ. ಪ್ರತಿ ಚೈತ್ರ ಹುಣ್ಣಿಮೆಗೆ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಇಡೀ ರಾತ್ರಿ ಪೇಟೆ ಬೀದಿಗಳಲ್ಲಿ ಸಂಚರಿಸುತ್ತೆ. ಹೊತ್ತವರ ಹೆಜ್ಜೆಗೆ ಸರಿಯಾಗಿ ಕತ್ತಿ ಹಿಡಿದ ವೀರಕುಮಾರರೂ ಓಡ್ತಾರೆ. ಇನ್ನೊಂದು ವಿಷಯ ಗೊತ್ತಾ? ಆಗ 10ಕೆಗೆ ನಾವೆಲ್ಲ ಸೇರುತ್ತಿದ್ದ ಕಂಠೀರವ ಕ್ರೀಡಾಂಗಣ ಇರೋದೇ ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಬತ್ತಿಸಿ ಮೈದಾನ ಮಾಡಿದರು. ಕರಗದ ವಿಧಿಗಳಿಗೆ ಬೇಕಾದ ಒಂದು ಪುಟ್ಟ ಹೊಂಡ ಮಾತ್ರ ಪಕ್ಕದಲ್ಲಿ ಉಳಿದಿದೆ. ಅಲ್ಲಿಂದ ಹೊರಬಿದ್ದರೆ 1870ರಲ್ಲಿ ಶುರುವಾದ ಕಬ್ಬನ್ ಪಾರ್ಕು. ಅದರಾಚೆ 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು, ಅವರ ಪೆರೇಡ್ ಮೈದಾನ. ಈಚಿನ ವರ್ಷಗಳಲ್ಲಿ ಓಟ ಹೊರಡುವುದು ಆ ಮೈದಾನದಿಂದಲೇ. ಪೇಟೆ, ದಂಡು ಎರಡೂ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ. ಆ ಎರಡು ಊರುಗಳ ನಡುವಿನ ಗಡಿಯನ್ನು ಈಗ ಸಾವಿರಾರು ಜನ ಬೆವರು ಒರೆಸಿಕೊಳ್ತಾ ದಾಟ್ತಾರೆ.

ಓಟದ ಚರಿತ್ರೆ ಕೆದಕುತ್ತಾ ಹೋದಾಗ ಸಿಕ್ಕಿದ ಇನ್ನೊಬ್ಬರ ಬಗ್ಗೆ ಹೇಳಲೇಬೇಕು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಹೋದ ದೊರಾಬ್ಜಿ ಟಾಟಾ ಅವರು ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿ ಹುಡುಗರನ್ನು ನೋಡಿ ಬೆರಗಾದರಂತೆ. ಮಾರನೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡವೊಂದು ಹೋಯಿತು. ಅದರಲ್ಲಿ ಮ್ಯಾರಥಾನ್ ಓಡಿದವರು ಫಡೆಪ್ಪ ಚೌಗುಲೆ, ನಮ್ಮ ಬೆಳಗಾವಿಯವರು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಸಲದ ದಾರಿ 42.75 ಕಿ.ಮೀ., ಮಾಮೂಲಿಗಿಂತ ಉದ್ದ. ಚೌಗುಲೆ 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಇವತ್ತು ದುಬಾರಿ ಶೂ, ಕೈಗೆ ಗಡಿಯಾರ ಕಟ್ಟಿಕೊಂಡು ಓಡುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ನನಗಂತೂ ಗೊತ್ತಿರಲಿಲ್ಲ.

ಸರಿ, ಮಜಾ ಆಯ್ತು. ಏದುಸಿರಿನ ಸರದಿ ಬಂದದ್ದು 2019ಕ್ಕೆ. ಡಾಕ್ಟರು ಸಕ್ಕರೆ ಏರ್ತಿದೆ ಅಂದರು, ನಾನು ಹತ್ತು ಕಿಲೋಮೀಟರಿಗೇ ಹೆಸರು ಕೊಟ್ಟೆ. ಆರು ತಿಂಗಳು ಬೆಳಗಿನ ಜಾವ ಎದ್ದು ಅಭ್ಯಾಸ. ಮೇ 19, ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ಓಟ ಶುರುವಾಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಉಸಿರಿಗೆ ಸ್ವಲ್ಪ ಹೆಚ್ಚೇ ಕೆಲಸ ಅಂತ ಓದಿದ್ದೆ. ಏಳನೇ ಕಿಲೋಮೀಟರಿನಲ್ಲಿ ಅದು ಅರ್ಥವಾಯಿತು. ಎಡ ಮಂಡಿ ಒಂದು ಕಡೆ, ಮರ್ಯಾದೆ ಒಂದು ಕಡೆ ಎಳೀತಿತ್ತು. 1 ಗಂಟೆ 22 ನಿಮಿಷ ಹಿಡಿಯಿತು. ಮುಗಿಸಿದಾಗ ಯಾಕೋ ಅಳು ಬಂತು ಕಣ್ರೀ, ನೋವಿಗಲ್ಲ.

ನಾವು ಮುಗಿಸಿದ ಮೇಲೆ ಘಟಾನುಘಟಿಗಳ ಓಟ. ಎಂಟು ವರ್ಷದ ಮಗಳು ತಾತನ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದಳು. ಎದುರಿಗೆ ಕೀನ್ಯಾದ ಆಗ್ನೆಸ್ ಟಿರೋಪ್ ಸದ್ದೇ ಇಲ್ಲದೆ ಹಾರಿಹೋದರು. ಹಿಂದಿನ ವರ್ಷ 31 ನಿಮಿಷ 19 ಸೆಕೆಂಡಿನಲ್ಲಿ ಓಡಿ ಈ ಓಟದ ದಾಖಲೆ ಮಾಡಿದ್ದ ಹುಡುಗಿ, ಆ ವರ್ಷವೂ ಗೆದ್ದರು. "ಅಮ್ಮಾ, ಆ ಅಕ್ಕನಿಗೆ ಸುಸ್ತೇ ಆಗಲ್ವಾ?" ಅಂದಳು ಮಗಳು. ಅಪ್ಪ ಮಾತ್ರ ನನ್ನ ಕಡೆ ನೋಡಿ, "ನಿಂಗೆ ಆಗಿದೆ ಬಿಡು" ಅಂತ ನೀರಿನ ಬಾಟಲಿ ಕೊಟ್ಟರು.

ಆಮೇಲೆ ಕೋವಿಡ್. 2021ರ ಸೆಪ್ಟೆಂಬರಿನಲ್ಲಿ ಟಿರೋಪ್ ಜರ್ಮನಿಯಲ್ಲಿ 30 ನಿಮಿಷ 1 ಸೆಕೆಂಡಿಗೆ 10 ಕಿ.ಮೀ. ಓಡಿ, ಮಹಿಳೆಯರಷ್ಟೇ ಓಡುವ ಓಟದ ವಿಶ್ವದಾಖಲೆ ಮಾಡಿದರು. ಒಂದೇ ತಿಂಗಳು. ಅಕ್ಟೋಬರ್ 13ರಂದು ಇಟೆನ್ ಊರಿನ ತಮ್ಮ ಮನೆಯಲ್ಲಿ ಇರಿತಕ್ಕೊಳಗಾಗಿ ಶವವಾಗಿ ಸಿಕ್ಕರು. ವಯಸ್ಸು 25. ಕೊಲೆಯ ಆರೋಪ ಹೊರಿಸಿದ್ದು ಗಂಡನ ಮೇಲೆ. ಪೇಪರಿನಲ್ಲಿ ಫೋಟೋ ನೋಡಿದ ಮಗಳು, "ಇದು ಆ ಅಕ್ಕ ಅಲ್ವಾ?" ಅಂದಳು. ಏನು ಹೇಳಬೇಕಿತ್ತು ನಾನು? ಆಗ್ನೆಸ್ ಹೆಸರಿನಲ್ಲಿ ಕೀನ್ಯಾದ ಓಟಗಾರ್ತಿಯರು 'ಟಿರೋಪ್ಸ್ ಏಂಜಲ್ಸ್' ಅಂತ ಸಂಸ್ಥೆ ಕಟ್ಟಿ ಹೆಣ್ಣುಮಕ್ಕಳ ಮೇಲಿನ ಹಿಂಸೆಯ ವಿರುದ್ಧ ಕೆಲಸ ಮಾಡ್ತಿದ್ದಾರೆ ಅಂತ ಎಷ್ಟೋ ದಿನದ ಮೇಲೆ ಹೇಳಿದೆ.

2022ರ ಮೇ 15ಕ್ಕೆ ಬೆಂಗಳೂರಿನ ರಸ್ತೆಗಳಲ್ಲಿ ಓಟ ಮರಳಿತು. ಆ ದಿನವೇ ಕೀನ್ಯಾದ ಐರಿನ್ ಚೆಪ್ಟೈ 30 ನಿಮಿಷ 35 ಸೆಕೆಂಡಿಗೆ ಮುಗಿಸಿದರು. ಆಗ್ನೆಸ್ ದಾಖಲೆ ಅಳಿಯಿತು. ದಾಖಲೆ ಇರೋದೇ ಅಳಿಯೋಕೆ ಅಂತ ಗೊತ್ತಿದ್ದರೂ ಆವತ್ತು ಪಿಚ್ಚೆನಿಸಿತು.

ಈಗ ಮಗಳಿಗೂ ಓಟದ ಹುಚ್ಚು. ಬೆಳಿಗ್ಗೆ ಐದೂವರೆಗೆ ಶೂ ಲೇಸು ಕಟ್ಟಿಕೊಂಡು, "ನಾನೊಬ್ಬಳೇ ಹೋಗಿ ಬರ್ತೀನಮ್ಮ" ಅಂತಾಳೆ. ಓಟದ ದಿನವಾದರೆ ನಾನೇ ಅಟ್ಟುತ್ತೇನೆ. ಆವತ್ತು ಕಾರಿಲ್ಲ, ಹಾರ್ನಿಲ್ಲ, ರಸ್ತೆ ತುಂಬ ಹೆಂಗಸರು ಎದೆಯೆತ್ತಿ ಓಡ್ತಿರ್ತಾರೆ. ಮಿಕ್ಕ ದಿನಗಳಲ್ಲಿ ಅದೇ ರಸ್ತೆ, ಆದರೆ ಬಾಗಿಲಲ್ಲಿ ನಿಂತ ನನ್ನ ಬಾಯಲ್ಲಿ "ಹುಷಾರು" ಬಿಟ್ಟು ಬೇರೆ ಮಾತೇ ಹೊರಡಲ್ಲ. ಮನೆಯೊಳಗಿದ್ದರೆ ಕ್ಷೇಮ ಅನ್ನೋಣವೆಂದರೆ ಆಗ್ನೆಸ್ ನೆನಪಾಗುತ್ತಾಳೆ.

ಹಾಗಾಗಿ ಸದ್ಯಕ್ಕೆ ಒಂದು ಉಪಾಯ ಮಾಡಿದ್ದೀನಿ. ನಾನೂ ಹಿಂದಿನಿಂದ ಓಡ್ತೀನಿ, ಕುಂಟುವ ಮಂಡಿಯ ಜೊತೆಗೇ. ಅವಳು ತಿರುವಿನಲ್ಲಿ ನಿಂತು ಕಾಯ್ತಾಳೆ. ಅವಳಿಗೆ ಮಜಾ, ನನಗೆ ಏದುಸಿರು. ಅಪ್ಪ ಕಿಟಕಿಯಿಂದ ಕೂಗ್ತಾರೆ: "ಇದಕ್ಕೂ ಕಾಸು ಕೊಟ್ಟಿದ್ದೀರಾ?"

ನಿಮ್ಮ ಮನೆ ಹೆಣ್ಣುಮಕ್ಕಳು ಓಡ್ತಾರಾ? ಬಾಗಿಲಲ್ಲಿ ನಿಂತು ನೀವೇನು ಹೇಳ್ತೀರಿ?